ತ.ರಾ.ಸು. ಮತ್ತು ಅವರ ರಾಮಾಚಾರಿ

೧೯೭೩ರ ಬೇಸಗೆ. ತಳಕಲ್ಲಿನಿಂದ ಗದಗಿಗೆ ಹೋಗುವ ಮೀಟರ್ ಗೇಜಿನ ಪ್ಯಾಸೆಂಜರ್ ಗಾಡಿಯಲ್ಲಿ ನಾವು ಏಳೆಂಟು ಮಂದಿ ಹುಡುಗರು ಕುಳಿತಿದ್ದೆವು. ನಮ್ಮೊಡನೆ ನಮ್ಮ ಮಾಸ್ತರರೂ ಇದ್ದರು. ಮಾಸ್ತರರು ಹುಡುಗರನ್ನು ಕಟ್ಟಿಕೊಂಡು ಸಿನಿಮಾಕ್ಕೆ ಹೋಗುವುದೆಂದರೆ ಆ ಕಾಲಕ್ಕೆ ಊರಲ್ಲಿ ನಾಲ್ಕು ಮಾತಿಗೆ ಕಾರಣವಾಗುವ ಸಂಗತಿಯೇ ಸರಿ. ಆದರೂ ಅವರು ಹೊರಟಿದ್ದರು. ತ.ರಾ.ಸುಬ್ಬರಾಯರ ‘ನಾಗರಹಾವು’ ಕಾದಂಬರಿಯನ್ನು ಅವರು ಮೊದಲೇ ಓದಿದ್ದರು. ಅದು ಚಲಚ್ಚಿತ್ರವಾಗಿ ಗದಗಿಗೆ ಬಂದಿದೆಯೆಂದು ತಿಳಿದ ಮೇಲೆ ಅವರಿಗೆ ಊರಲ್ಲಿ ಕುಳಿತಿರಲಾಗಲಿಲ್ಲ. ಹೋಗುವಾಗ ದಾರಿಯುದ್ದಕ್ಕೂ ಚಿತ್ರದುರ್ಗದ ಕೋಟೆ, ಹೆಬ್ಬಂಡೆಗಳು, ಆ ಊರಿನ ಬಿಸಿಲು ಇವುಗಳ ವಿಚಾರ ಹೇಳಿದರು. ಕತೆಯನ್ನು ಮಾತ್ರ ಬಿಟ್ಟುಕೊಡಲಿಲ್ಲ. ಮರಳುವಾಗ ರಾತ್ರಿಯ ಗಾಡಿ. ಹುಡುಗರೆಲ್ಲ ರಾಮಾಚಾರಿಯಂತೆ ಎದೆ ಸೆಟೆಸಿ, ಕಣ್ಣು ಕೆಂಪಗೆ ಮಾಡಿ ಗದ್ದಲವೆಬ್ಬಿಸಿದ್ದೆವು. ಮಾಸ್ತರರು ಕಿಟಕಿಯ ಕಡೆ ಮುಖ ತಿರುಗಿಸಿ ಕುಳಿತವರು ತಳಕಲ್ಲು ಬರುವವರೆಗೆ ಒಂದು ಮಾತನ್ನೂ ಆಡಲಿಲ್ಲ. ನಿದ್ದೆ ಬಂದಿರಬೇಕೆಂದು ನಾವು ತಿಳಿದೆವು.

ಅವರು ನಿದ್ದೆ ಮಾಡಿರಲಿಲ್ಲವೆಂಬುದು ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ. ಅದನ್ನು ಮುಂದೆ ಹೇಳುತ್ತೇನೆ. ಈಗ ಹೇಳಬೇಕಾದುದು ಆ ರಾಮಾಚಾರಿಯನ್ನು ಹಡೆದ ಲೇಖಕನ ವಿಚಾರ. ರಾಮಾಚಾರಿಯ ಹೆಸರು ಕೇಳದ ಕನ್ನಡಿಗ ಇಂದಿಗೂ ಅಪರೂಪ; ತ.ರಾ.ಸು. ಅವರನ್ನು ಓದಿದ ವಿದ್ಯಾರ್ಥಿ ಅದಕ್ಕಿಂತ ಅಪರೂಪ. ಈ ವೈಪರೀತ್ಯವನ್ನು ಅವರು ತಮ್ಮ ಕಣ್ಣಾರೆ ಕಂಡರು, ಕಂಡು ಕೆರಳಿದರು.

ತಳುಕಿನ ರಾಮಸ್ವಾಮಯ್ಯ ಸುಬ್ಬರಾಯರು ಹುಟ್ಟಿದ್ದು ೧೯೨೦ನೆಯ ಇಸವಿ ಏಪ್ರಿಲ್ ೨೧ರಂದು, ಮಲೇಬೆನ್ನೂರಿನಲ್ಲಿ. ಹೆಸರಿನೊಡನೆ ಅಂಟಿಕೊಂಡ ತಳುಕು ಚಳ್ಳಕೆರೆಯ ಕಡೆಯ ಊರು. ಆ ಒಂದು ಊರು ಕನ್ನಡಕ್ಕೆ ಕೊಟ್ಟ ವಿದ್ವಾಂಸರು ಕಡಿಮೆಯವರಲ್ಲ. ಕುವೆಂಪು ಅವರು ಗುರುವೆಂದು ನೆನೆದ ಟಿ.ಎಸ್. ವೆಂಕಣ್ಣಯ್ಯನವರು ಆ ಮನೆತನದವರೇ. ಇಂಥ ಮನೆಯ ಹುಡುಗ ಕ್ರಮವಾಗಿ ಓದಿ, ಪದವಿ ಪಡೆದು, ಕಾಲೇಜಿನ ಅಧ್ಯಾಪಕನಾಗಿದ್ದರೆ ಯಾರೂ ಆಶ್ಚರ್ಯಪಡುತ್ತಿರಲಿಲ್ಲ. ಸುಬ್ಬರಾಯರು ಆ ದಾರಿ ಹಿಡಿಯಲಿಲ್ಲ. ೧೯೪೨ರ ಚಳವಳಿ ಅವರನ್ನು ಕಾಲೇಜಿನಿಂದ ಎಳೆದು ಸೆರೆಮನೆಗೆ ಒಯ್ದಿತು. ಹೊರಗೆ ಬಂದ ಮೇಲೆ ಅವರ ಪಾಲಿಗೆ ಉಳಿದದ್ದು ಪತ್ರಿಕೆಯ ಕೆಲಸ, ಮತ್ತು ಲೇಖನಿ.

ಅದು ಪ್ರಗತಿಶೀಲರ ಕಾಲ. ಅ.ನ.ಕೃಷ್ಣರಾಯರು ಮುಂದಾಳು, ನಿರಂಜನ, ಬಸವರಾಜ ಕಟ್ಟೀಮನಿ, ಚದುರಂಗ ಮೊದಲಾದವರು ಜೊತೆಗಾರರು. ಸಾಹಿತ್ಯ ಪಂಡಿತರ ಪಡಸಾಲೆಯಿಂದ ಇಳಿದು ಬೀದಿಗೆ ಬರಬೇಕು, ಹೋಟೆಲಿನ ಮಾಣಿಯೂ ಗಿರಣಿಯ ಕೂಲಿಯೂ ಓದಬೇಕು ಎಂಬುದು ಅವರ ಹಟ. ಆ ಹಟದಿಂದ ಹಲವು ಹಸಿಬಿಸಿ ಪುಸ್ತಕಗಳೂ ಹುಟ್ಟಿದುವೆನ್ನುವುದನ್ನು ಮುಚ್ಚಿಡಬೇಕಾಗಿಲ್ಲ. ತ.ರಾ.ಸು. ಅವರ ಕೃತಿಗಳಲ್ಲೂ ಕಾಳಿನೊಡನೆ ಹೊಟ್ಟು ಉಂಟು. ಬರವಣಿಗೆಯನ್ನೇ ನೆಚ್ಚಿ ಸಂಸಾರ ಹೂಡಿದವನಿಗೆ ತೂರಿ ಕೇರುವ ಬಿಡುವೆಲ್ಲಿ? ಆದರೆ ಅವರು ಕಟ್ಟಿದ ಓದುಗರ ಬಳಗ ಮಾತ್ರ ಹೊಟ್ಟಲ್ಲ. ಅದಕ್ಕೆ ನಮ್ಮ ಊರೇ ಸಾಕ್ಷಿ.

ತಳಕಲ್ಲು ಆಗ ಯಲಬುರ್ಗಾ ತಾಲ್ಲೂಕಿನ ಹಳ್ಳಿ, ರಾಯಚೂರು ಜಿಲ್ಲೆಗೆ ಸೇರಿದ್ದು. ೧೯೪೮ರ ಸೆಪ್ಟೆಂಬರಿನವರೆಗೆ ನಿಜಾಮನ ಆಳ್ವಿಕೆ. ನಮ್ಮ ಮಾಸ್ತರರ ತಲೆಮಾರಿನವರು ಮೇಲಿನ ತರಗತಿಗಳನ್ನು ಉರ್ದುವಿನಲ್ಲಿ ಓದಿದವರು. ಲೆಕ್ಕವನ್ನೂ ಚರಿತ್ರೆಯನ್ನೂ ಉರ್ದುವಿನಲ್ಲೇ ಕಲಿತವರು. ಮನೆಯ ಮಾತು ಕನ್ನಡ, ಮಠದಲ್ಲಿ ಕೇಳಿದ್ದು ಕನ್ನಡ. ಕೈಗೆ ಬರುವ ಕನ್ನಡ ಪುಸ್ತಕಗಳು ಮಾತ್ರ ಕೆಲವೇ ಕೆಲವು. ಬಾಗಿಲು ತೆರೆದೊಡನೆ ಇವರು ಓದಿದ ಬಗೆಯನ್ನು ನಾನು ಹಸಿವು ಎಂದೇ ಕರೆಯುತ್ತೇನೆ. ಗದಗಿನಿಂದಲೋ ಹುಬ್ಬಳ್ಳಿಯಿಂದಲೋ ಒಂದು ಕಾದಂಬರಿ ಬಂದರೆ ಅದು ರಟ್ಟು ಹರಿದು, ಮೊದಲ ನಾಲ್ಕು ಪುಟ ಉದುರಿ ಹೋಗುವವರೆಗೆ ಕೈಯಿಂದ ಕೈಗೆ ತಿರುಗುತ್ತಿತ್ತು. ಓದಲು ಬಾರದವರಿಗೆ ಓದಬಲ್ಲವರು ಕಟ್ಟೆಯ ಮೇಲೆ ಕುಳಿತು ಓದಿ ಹೇಳುತ್ತಿದ್ದರು. ‘ಕಂಬನಿಯ ಕುಯಿಲು’, ‘ರಕ್ತರಾತ್ರಿ’, ‘ತಿರುಗುಬಾಣ’ಗಳು ನಮ್ಮೂರಿಗೆ ಬಂದದ್ದು ಹೀಗೆ. ದುರ್ಗದ ಪಾಳೆಯಗಾರರ ಕತೆ ನಮ್ಮವರಿಗೆ ಹೊರಗಿನದೆನಿಸಲಿಲ್ಲ. ಕೊಪ್ಪಳದ ಕೋಟೆಯ ನೆರಳಲ್ಲಿ ಬೆಳೆದವರಿಗೆ ಮುತ್ತಿಗೆ, ದ್ರೋಹ, ಬಂಡೆಯ ನಡುವಣ ಕಿಂಡಿ ಇವುಗಳನ್ನು ಬಿಡಿಸಿ ಹೇಳಬೇಕೆ?

‘ನಾಗರಹಾವು’ ಬೇರೆಯ ಜಾತಿಯ ಪುಸ್ತಕ. ಅದೇ ದುರ್ಗ, ಅದೇ ಬಂಡೆ, ಆದರೆ ಪಾಳೆಯಗಾರರಿಲ್ಲ. ಸಿಟ್ಟಿನ ಸಿಡಿಮದ್ದಿನಂಥ ಒಬ್ಬ ತರುಣ, ಅವನಿಗೆ ಒಲಿದ ಇಬ್ಬರು ಹುಡುಗಿಯರು, ಅವನನ್ನು ಮಗನಂತೆ ಕಂಡ ಒಬ್ಬ ಮೇಷ್ಟರು. ಪ್ರೇಮವೂ ಸೇಡೂ ಒಂದನ್ನೊಂದು ಅಟ್ಟಿಸಿಕೊಂಡು ಓಡುವ ಕತೆ. ಪುಟ ತಿರುಗಿಸುವ ಕೈ ತಡೆಯದಂತೆ ಬರೆಯುವ ವಿದ್ಯೆ ತ.ರಾ.ಸು. ಅವರಿಗೆ ಸಿದ್ಧಿಸಿತ್ತು. ರಾಮಾಚಾರಿಯ ಕತೆಯನ್ನು ಅವರು ಒಂದರಲ್ಲಿ ಮುಗಿಸದೆ, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’ ಎಂಬ ಇನ್ನೆರಡು ಕಾದಂಬರಿಗಳಿಗೂ ಬೆಳೆಸಿದರು. ಮೂರು ಪುಸ್ತಕಗಳ ಅವಕಾಶದಲ್ಲಿ ಆ ಹುಡುಗನ ವಿಷ ಎಲ್ಲಿ ಹುಟ್ಟಿತು, ಎಲ್ಲಿ ಏರಿತು ಎಂಬುದನ್ನು ನಿಧಾನವಾಗಿ ತೋರಿಸಲು ಅವರಿಗೆ ಎಡೆ ದೊರಕಿತು.

ಈ ಮೂರನ್ನೂ ಸೇರಿಸಿ ಒಂದು ಚಿತ್ರವಾಗಿ ಹೆಣೆದವರು ಪುಟ್ಟಣ್ಣ ಕಣಗಾಲರು. ಎನ್. ವೀರಾಸ್ವಾಮಿಯವರು ನಿರ್ಮಾಪಕರು. ೧೯೭೨ರ ಡಿಸೆಂಬರ್ ಕೊನೆಗೆ ಚಿತ್ರ ತೆರೆಗೆ ಬಂತು. ವಿಷ್ಣುವರ್ಧನರು ನಾಯಕರಾಗಿ ಮೊದಲು ನಿಂತದ್ದು ಇದರಲ್ಲಿ. ಅಂಬರೀಷರ ಮೊದಲ ಚಿತ್ರವೂ ಇದೇ. ಆರತಿ ಅಲಮೇಲುವಾದರು, ಶುಭಾ ಮಾರ್ಗರೆಟ್ ಆದರು, ಕೆ.ಎಸ್. ಅಶ್ವತ್ಥರು ಚಾಮಯ್ಯ ಮೇಷ್ಟರಾದರು. ನಾಡು ಮುಗಿಬಿದ್ದು ನೋಡಿತು. ಜಯಂತಿಯವರು ಒನಕೆ ಓಬವ್ವನಾಗಿ ಬಂದ ಹಾಡನ್ನು ಕಂಡವರು ಬಸ್ಸು ಹಿಡಿದು ದುರ್ಗಕ್ಕೆ ಹೋಗಿ ಕಿಂಡಿಯ ಮುಂದೆ ನಿಂತರು.

ಕಾದಂಬರಿಕಾರರಿಗೆ ಮಾತ್ರ ಸಮಾಧಾನವಾಗಲಿಲ್ಲ. ತಾವು ಬರೆದ ನಾಗರಹಾವು ತೆರೆಯ ಮೇಲೆ ಕೇರೆಹಾವಾಯಿತೆಂದು ಅವರು ಹೇಳಿದರೆಂಬ ಮಾತು ನಾಡಿನಲ್ಲೆಲ್ಲ ಹಬ್ಬಿತು. ಕೇರೆಹಾವಿಗೆ ಹಲ್ಲುಂಟು, ವಿಷವಿಲ್ಲ. ಅವರ ದೂರಿನ ತಿರುಳು ಆ ಒಂದು ಹೋಲಿಕೆಯಲ್ಲೇ ಇದೆ. ನಮ್ಮ ಊರಲ್ಲಿ ಈ ಸುದ್ದಿ ಮುಟ್ಟಿದಾಗ ಓದುಗರೆಲ್ಲ ಎರಡು ಪಕ್ಷವಾದರು. ಕೋಟಿ ಜನ ಮೆಚ್ಚಿದ್ದನ್ನು ಬರೆದವನೇ ಹಳಿಯುವುದೇ, ಇದು ಅಹಂಕಾರವಲ್ಲವೇ ಎಂದು ಚಿತ್ರ ನೋಡಿದ ನಾವು ಹೇಳಿದೆವು. ಪುಸ್ತಕ ಓದಿದ ಹಿರಿಯರು ಒಪ್ಪಲಿಲ್ಲ. ಚಿತ್ರದ ರಾಮಾಚಾರಿಯನ್ನು ಕಂಡರೆ ಮರುಕ ಹುಟ್ಟುತ್ತದೆ, ಪುಸ್ತಕದ ರಾಮಾಚಾರಿಯನ್ನು ಕಂಡರೆ ಹೆದರಿಕೆಯಾಗುತ್ತದೆ, ಈ ಎರಡೂ ಒಂದೇ ಅಲ್ಲ ಎಂಬುದು ಅವರ ವಾದ. ಕಟ್ಟೆಯ ಮೇಲೆ ಈ ಜಗಳ ಮಳೆಗಾಲದವರೆಗೂ ನಡೆಯಿತು.

ಆಗ ನಾನು ಮೊದಲನೆಯ ಪಕ್ಷದವನು. ಪುಸ್ತಕ ಓದಿದ ಮೇಲೆ ನನ್ನ ಕಾಲು ಸಡಿಲವಾಯಿತು. ಪುಟ್ಟಣ್ಣನವರ ಕೈವಾಡವನ್ನು ನಾನು ಅಲ್ಲಗಳೆಯುವವನಲ್ಲ. ಕಾದಂಬರಿಗಳನ್ನು ತೆರೆಗೆ ತರುವುದರಲ್ಲಿ ಅವರಷ್ಟು ಶ್ರದ್ಧೆಯುಳ್ಳವರು ಆಗ ವಿರಳ. ತ್ರಿವೇಣಿಯವರ ‘ಬೆಳ್ಳಿಮೋಡ’ವನ್ನು ೧೯೬೭ರಲ್ಲಿ, ‘ಶರಪಂಜರ’ವನ್ನು ೧೯೭೧ರಲ್ಲಿ ಅವರು ಚಿತ್ರಿಸಿದ್ದರು. ಆದರೆ ತ್ರಿವೇಣಿಯವರು ೧೯೬೩ರಲ್ಲೇ ತೀರಿಕೊಂಡಿದ್ದರು. ತಮ್ಮ ನಾಯಕಿಯರು ತೆರೆಯ ಮೇಲೆ ಹೇಗಾದರೆಂದು ನೋಡುವ, ನೋಡಿ ಮುನಿಯುವ ಅವಕಾಶ ಅವರಿಗಿರಲಿಲ್ಲ. ತ.ರಾ.ಸು. ಬದುಕಿದ್ದರು. ಬದುಕಿದ್ದುದು ಮಾತ್ರವಲ್ಲ, ‘ಹಂಸಗೀತೆ’ಯನ್ನು ಬರೆದವರಾಗಿದ್ದರು.

ಈ ಮಾತನ್ನು ಸ್ವಲ್ಪ ಬಿಡಿಸಬೇಕು. ‘ಹಂಸಗೀತೆ’ ೧೯೫೨ರ ಕಾದಂಬರಿ. ದುರ್ಗದ ಸಂಗೀತಗಾರ ಭೈರವಿ ವೆಂಕಟಸುಬ್ಬಯ್ಯ ಅದರ ನಾಯಕ. ತನ್ನ ಹಾಡನ್ನು ಅರಸೊತ್ತಿಗೆಯ ಅಪ್ಪಣೆಗೆ ಒಪ್ಪಿಸಲಾರದೆ ನಾಲಗೆಯನ್ನೇ ಕತ್ತರಿಸಿಕೊಂಡವನು. ಅಂಥವನನ್ನು ಕಲ್ಪಿಸಿ, ಅವನೊಡನೆ ವರ್ಷಗಟ್ಟಲೆ ಬಾಳಿದ ಲೇಖಕ ತನ್ನ ರಾಗವನ್ನು ಇನ್ನೊಬ್ಬರು ಬೇರೆ ಶ್ರುತಿಯಲ್ಲಿ ಹಾಡಿದಾಗ ತಲೆದೂಗುತ್ತ ಕುಳಿತಾನೆಂದು ಬಗೆಯುವುದು ಹೇಗೆ? ಅದೇ ‘ಹಂಸಗೀತೆ’ ೧೯೫೬ರಲ್ಲಿ ‘ಬಸಂತ್ ಬಹಾರ್’ ಎಂಬ ಹಿಂದಿ ಚಿತ್ರವಾಗಿತ್ತು. ಹಾಡುಗಳು ದೇಶವೆಲ್ಲ ಮೊಳಗಿದುವು. ದುರ್ಗ ಎಲ್ಲಿ ಹೋಯಿತೋ! ಮುಂದೆ ೧೯೭೫ರಲ್ಲಿ ಜಿ.ವಿ. ಅಯ್ಯರರು ಅದನ್ನು ಕನ್ನಡದಲ್ಲಿ ತೆಗೆದಾಗ ಆ ಸಂಗೀತಗಾರ ತನ್ನ ಬಂಡೆಗಳ ನಡುವೆ ಮರಳಿ ಬಂದ. ಬಾಲಮುರಳಿಕೃಷ್ಣರ ಕಂಠ ಅವನಿಗೆ ಒದಗಿತು, ರಾಷ್ಟ್ರಪ್ರಶಸ್ತಿಯೂ ಬಂತು. ಚಲಚ್ಚಿತ್ರವೆಂದರೆ ಕಾದಂಬರಿಯನ್ನು ಕೆಡಿಸುವುದೇ ಎಂದು ನಾನು ಹೇಳುತ್ತಿಲ್ಲವೆಂಬುದಕ್ಕೆ ಇದೊಂದೇ ನಿದರ್ಶನ ಸಾಕು. ಅಯ್ಯರರ ಚಿತ್ರಕ್ಕೆ ‘ನಾಗರಹಾವಿ’ನ ಜನಸಂದಣಿ ಇರಲಿಲ್ಲ, ನಮ್ಮ ಕಡೆಯಲ್ಲಿ ಅದನ್ನು ನೋಡಿದವರನ್ನು ನಾನು ಬೆರಳು ಮಡಚಿ ಎಣಿಸಬಲ್ಲೆ.

‘ನಾಗರಹಾವಿ’ನ ಓದುಗರಲ್ಲಿ ಇನ್ನೊಂದು ಪಕ್ಷವೂ ಇತ್ತು. ಅದರ ಮಾತು ಕಟ್ಟೆಯವರೆಗೆ ಬರಲಿಲ್ಲ. ನನ್ನ ಅಕ್ಕ ಪುಸ್ತಕವನ್ನು ನನ್ನ ಚೀಲದಿಂದ ತೆಗೆದು ಒಲೆಯ ಮುಂದೆ ಕುಳಿತು ಓದಿದಳು. ಆಮೇಲೆ ಮದುವೆಯಾಗಿ ಗದಗಿಗೆ ಹೋದ ಹೊಸತರಲ್ಲಿ ಚಿತ್ರವನ್ನೂ ನೋಡಿದಳು. ರಾಮಾಚಾರಿಯ ಸಿಟ್ಟಿಗೂ ಮೇಷ್ಟರ ಸಾವಿಗೂ ಅವಳು ಅಷ್ಟಾಗಿ ಅಳಲಿಲ್ಲ. ಅಲಮೇಲುವನ್ನು ಒಬ್ಬರಾದರೂ ಒಂದು ಮಾತು ಕೇಳಿದರೇ ಎಂದು ಮಾತ್ರ ನನ್ನನ್ನು ಕೇಳಿದಳು. ಅಣ್ಣ ಗೆಳೆಯನಿಗೆ ಮಾತು ಕೊಡುತ್ತಾನೆ, ಮುರಿಯುತ್ತಾನೆ; ಮೇಷ್ಟರು ಶಿಷ್ಯನಿಂದ ಮಾತು ಪಡೆಯುತ್ತಾರೆ; ಶಿಷ್ಯ ತ್ಯಾಗ ಮಾಡುತ್ತಾನೆ. ತ್ಯಾಗವಾದ ವಸ್ತು ಯಾವುದು? ಕಟ್ಟಿಕೊಂಡವನೇ ಅವಳನ್ನು ಬೀದಿಪಾಲು ಮಾಡಿದಾಗ ಈ ದೊಡ್ಡ ಮನಸ್ಸಿನವರೆಲ್ಲ ಎಲ್ಲಿದ್ದರು? ನಾನು ಉತ್ತರ ಹೇಳಲಿಲ್ಲ. ಕಾದಂಬರಿಯ ಮೇಲೆಯೂ ಚಿತ್ರದ ಮೇಲೆಯೂ ಆಮೇಲೆ ನಾನು ಓದಿದ ವಿಮರ್ಶೆಗಳಲ್ಲಿ ಈ ಪ್ರಶ್ನೆ ಇಷ್ಟು ನೇರವಾಗಿ ಎದ್ದದ್ದನ್ನು ಕಾಣೆ.

ಇಲ್ಲಿ ಒಂದು ಮಾತು ತ.ರಾ.ಸು. ಅವರ ಪರವಾಗಿ ಹೇಳಬೇಕು. ಬೀದಿಪಾಲಾದ ಹೆಣ್ಣಿನ ಬಾಳು ಅವರಿಗೆ ರೋಚಕ ಸಾಮಗ್ರಿಯಾಗಿ ಒದಗಿದ್ದಲ್ಲ. ‘ಮುಂಜಾವಿನಿಂದ ಮುಂಜಾವು’, ‘ಮಸಣದ ಹೂವು’ ಮೊದಲಾದ ಕಾದಂಬರಿಗಳಲ್ಲಿ ಅವರು ಆ ಬೀದಿಯನ್ನು ಮೂಗು ಮುಚ್ಚಿಕೊಳ್ಳದೆ ಹೊಕ್ಕರು. ಅಂದಿನ ಮಡಿವಂತರು ಇದನ್ನು ಅಶ್ಲೀಲವೆಂದು ಜರೆಯುತ್ತಿದ್ದರು. ಆ ಜರೆತದ ನಡುವೆಯೇ ಅವರ ಪುಸ್ತಕಗಳು ಒಲೆಯ ಮುಂದಿನ ಓದುಗರನ್ನು ಹುಡುಕಿಕೊಂಡು ಬಂದುವು. ಅಕ್ಕ ಕೇಳಿದ ಪ್ರಶ್ನೆಗೆ ಬೀಜ ಹಾಕಿದವರೂ ಅವರೇ ಎಂದು ಈಗ ನನಗೆ ತೋರುತ್ತದೆ.

‘ನಾಗರಹಾವಿ’ನ ಕತೆ ಕನ್ನಡದಲ್ಲಿ ನಿಲ್ಲಲಿಲ್ಲ. ತಮಿಳಿಗೆ ಹೋಯಿತು, ತೆಲುಗಿಗೆ ಹೋಯಿತು. ೧೯೭೪ರಲ್ಲಿ ಪುಟ್ಟಣ್ಣನವರೇ ರಿಷಿ ಕಪೂರರನ್ನು ನಾಯಕನನ್ನಾಗಿಸಿ ಹಿಂದಿಯಲ್ಲಿ ‘ಜಹರೀಲಾ ಇನ್ಸಾನ್’ ತೆಗೆದರು. ಅದು ಸೋತಿತು. ಕೆಲವು ಹಾವುಗಳು ತಮ್ಮ ಹುತ್ತ ಬಿಟ್ಟು ಬಾಳಲಾರವು.

ತ.ರಾ.ಸು. ಅವರು ಇಷ್ಟರಲ್ಲಿ ಮೈಸೂರಿನಲ್ಲಿ ನೆಲಸಿದ್ದರು. ಮನಸ್ಸು ಮಾತ್ರ ದುರ್ಗದ ಕೋಟೆಯಿಂದ ಇಳಿದು ಬಂದಂತೆ ಕಾಣದು. ಪಾಳೆಯಗಾರರ ಮನೆತನದ ಕತೆಯನ್ನು ಕಾದಂಬರಿಯ ಮೇಲೆ ಕಾದಂಬರಿಯಾಗಿ ಬರೆಯುತ್ತ ಬಂದವರು ೧೭೭೯ರಲ್ಲಿ ಹೈದರಾಲಿಯ ಕೈಗೆ ಕೋಟೆ ಬಿದ್ದ ಘಟ್ಟವನ್ನು ಬಹುಕಾಲ ಮುಟ್ಟದೆ ಇಟ್ಟಿದ್ದರು. ಮದಕರಿನಾಯಕನ ಸೋಲನ್ನು ಬರೆಯುವುದು ಅವರಿಗೆ ಸುಲಭವಾಗಿರಲಿಲ್ಲವೆಂದು ಆ ಗ್ರಂಥವನ್ನು ಓದಿದ ಯಾರಿಗೂ ತಿಳಿಯುತ್ತದೆ. ‘ದುರ್ಗಾಸ್ತಮಾನ’ ಅವರ ಬಾಳಿನ ಸಂಜೆಯ ಕೃತಿ. ಅದರಲ್ಲಿ ಅವಸರವಿಲ್ಲ, ಓದುಗನನ್ನು ಬೆನ್ನಟ್ಟಿ ಓಡಿಸುವ ಹಳೆಯ ಚಪಲವಿಲ್ಲ. ೧೯೮೪ರ ಏಪ್ರಿಲ್ ೧೦ರಂದು, ಅರವತ್ತನಾಲ್ಕು ತುಂಬಲು ಹನ್ನೊಂದು ದಿನ ಉಳಿದಿರುವಾಗ, ಅವರು ಕಣ್ಣು ಮುಚ್ಚಿದರು. ಮರುವರ್ಷ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ‘ದುರ್ಗಾಸ್ತಮಾನ’ಕ್ಕೆ ಬಂತು. ಪಡೆಯುವ ಕೈ ಇರಲಿಲ್ಲ.

ಅದೇ ಹೊತ್ತಿಗೆ ಅವರ ‘ಮಸಣದ ಹೂವು’ ಚಿತ್ರವಾಗುತ್ತಿತ್ತು. ಕೈಗೆತ್ತಿಕೊಂಡವರು ಪುಟ್ಟಣ್ಣ ಕಣಗಾಲರು! ಕೇರೆಹಾವಿನ ಮಾತನ್ನು ಕೇಳಿ ನೊಂದಿರಬಹುದಾದ ನಿರ್ದೇಶಕ ಮತ್ತೆ ಅದೇ ಲೇಖಕನ ಮನೆಯ ಬಾಗಿಲಿಗೆ ಬಂದಿದ್ದರು. ಚಿತ್ರ ಮುಗಿಯುವ ಮುನ್ನ, ೧೯೮೫ರ ಜೂನ್ ೫ರಂದು ಪುಟ್ಟಣ್ಣನವರೂ ತೀರಿಕೊಂಡರು. ಉಳಿದ ಭಾಗವನ್ನು ಕೆ.ಎಸ್.ಎಲ್. ಸ್ವಾಮಿಯವರು ಪೂರ್ಣಗೊಳಿಸಿದರು. ತೆರೆಗೆ ಬಂದಾಗ ಬರೆದವನೂ ಇಲ್ಲ, ಚಿತ್ರಿಸಿದವನೂ ಇಲ್ಲ. ಜಗಳವನ್ನು ಮುಂದುವರಿಸಲು ನಾವು ಓದುಗರು ಮಾತ್ರ ಉಳಿದಿದ್ದೆವು.

೧೯೯೩ರಲ್ಲಿ ಟಿ.ಎಸ್. ನಾಗಾಭರಣರು ‘ಆಕಸ್ಮಿಕ’, ‘ಅಪರಾಧಿ’, ‘ಪರಿಣಾಮ’ ಎಂಬ ಮೂರು ಕಾದಂಬರಿಗಳನ್ನು ಸೇರಿಸಿ ರಾಜಕುಮಾರರ ‘ಆಕಸ್ಮಿಕ’ ಚಿತ್ರ ಮಾಡಿದರು. ಮತ್ತೆ ಮೂರು ಸೇರಿ ಒಂದು. ಮತ್ತೆ ಪ್ರೇಮ, ಪೊಲೀಸು, ಪಾತಕ. ಕನ್ನಡ ನಾಡಿನ ಹಾಡೊಂದನ್ನು ಹುಬ್ಬಳ್ಳಿಯ ಬೀದಿಗಳಲ್ಲಿ ಚಿತ್ರಿಸಿದಾಗ ನಮ್ಮ ಕಡೆಯವರೂ ಗಾಡಿ ಹತ್ತಿ ನೋಡಲು ಹೋದರು. ಅದು ಇಂದಿಗೂ ರಾಜ್ಯೋತ್ಸವದ ದಿನ ಊರೂರಲ್ಲಿ ಮೊಳಗುತ್ತದೆ. ಆ ಚಿತ್ರದ ಬೇರು ತ.ರಾ.ಸು. ಅವರಲ್ಲಿದೆಯೆಂದು ನಾನು ತರಗತಿಯಲ್ಲಿ ಹೇಳಿದಾಗ ಹುಡುಗರು ನಂಬಲಿಲ್ಲ. ಪುಸ್ತಕಗಳು ಎಲ್ಲಿವೆಯೆಂದು ಕೇಳಿದರು. ಶಾಲೆಯ ಕಪಾಟಿನಲ್ಲಿ ಇರಲಿಲ್ಲ.

ನಾನೂ ಮಾಸ್ತರನೇ ಆದೆ. ನಮ್ಮ ಮಾಸ್ತರರು ನಿವೃತ್ತರಾಗಿ ಮನೆಯಲ್ಲಿ ಕುಳಿತಿದ್ದಾಗ ಒಮ್ಮೆ ಕರೆಸಿ ತಮ್ಮ ‘ನಾಗರಹಾವಿ’ನ ಪ್ರತಿಯನ್ನು ನನ್ನ ಕೈಗೆ ಇಟ್ಟರು. ಮನೆಗೆ ಬಂದು ತೆರೆದು ನೋಡಿದೆ. ಚಾಮಯ್ಯ ಮೇಷ್ಟರು ಬರುವ ಕಡೆಗಳಲ್ಲೆಲ್ಲ ಅಂಚಿನಲ್ಲಿ ಪೆನ್ಸಿಲಿನ ಗೆರೆ. ಮೊದಮೊದಲು ಒಂದೇ ಗೆರೆ, ಮೆಚ್ಚಿದ್ದಕ್ಕೆ ಹಾಕುವಂಥದು. ಮೇಷ್ಟರು ಶಿಷ್ಯನಿಗೆ ಬುದ್ಧಿ ಹೇಳುವ ಕಡೆಗಳಿಗೆ ಬಂದಂತೆ ಗೆರೆಯ ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ. ಗೆರೆ ಹಳೆಯದು, ಮಾಸಿದೆ. ಚಿಹ್ನೆ ಬೇರೆ ಪೆನ್ಸಿಲಿನದು. ಆ ರಾತ್ರಿಯ ಗಾಡಿ ಆಗ ನನ್ನ ನೆನಪಿಗೆ ಬಂತು. ಗದಗಿಗೆ ಹೋಗುವ ಕೆಲವು ವರ್ಷ ಮೊದಲು ನಮ್ಮ ಮಾಸ್ತರರು ತಮ್ಮ ಮೆಚ್ಚಿನ ಶಿಷ್ಯನೊಬ್ಬನಿಗೆ ಬುದ್ಧಿ ಹೇಳಿ, ಜಾತಿಯಾಚೆಯ ಮದುವೆಯೊಂದನ್ನು ನಿಲ್ಲಿಸಿದ್ದರು. ಊರು ಅವರನ್ನು ಕೊಂಡಾಡಿತ್ತು. ಆ ಹುಡುಗ ಊರು ಬಿಟ್ಟು ಹೋದವನು ತಿರುಗಿ ಬರಲಿಲ್ಲ. ಪುಸ್ತಕ ಓದಿದಾಗ ಅವರು ಚಾಮಯ್ಯನನ್ನು ಒಪ್ಪಿದ್ದರು. ಅಶ್ವತ್ಥರ ಮುಖದಲ್ಲಿ ಆ ಮೇಷ್ಟರ ಒಳ್ಳೆಯತನವನ್ನೂ, ಬಂಡೆಯ ಮೇಲೆ ಆ ಒಳ್ಳೆಯತನ ಮುಟ್ಟಿದ ಕೊನೆಯನ್ನೂ ಕಂಡ ಮೇಲೆ ಮನೆಗೆ ಬಂದು ಮತ್ತೆ ಪೆನ್ಸಿಲು ಹಿಡಿದಿರಬೇಕು.

ಕೇರೆಹಾವಿಗೆ ವಿಷವಿಲ್ಲವೆಂದು ತ.ರಾ.ಸು. ಮುನಿದರು. ನಮ್ಮ ಮಾಸ್ತರರನ್ನು ಕಚ್ಚಿದ್ದು ಆ ಕೇರೆಹಾವೇ. ಈ ಸಂಗತಿ ಅವರಿಗೆ ತಿಳಿದಿದ್ದರೆ ತಮ್ಮ ಮಾತನ್ನು ಹಿಂತೆಗೆದುಕೊಳ್ಳುತ್ತಿದ್ದರೆಂದು ನಾನು ಹೇಳಲಾರೆ. ಬಹುಶಃ ಇಲ್ಲ. ನಾಲಗೆ ಕತ್ತರಿಸಿಕೊಂಡವನನ್ನು ಬರೆದ ಕೈ ಅದು. ನಮ್ಮ ಮಾಸ್ತರರೂ ಎಂದೂ ಈ ವಿಚಾರ ಬಾಯಿಬಿಟ್ಟು ಆಡಲಿಲ್ಲ. ನಾನೂ ಕೇಳಲಿಲ್ಲ.

೨೦೧೮ರ ಜುಲೈಯಲ್ಲಿ ‘ನಾಗರಹಾವು’ ಹೊಸ ಬಣ್ಣ, ಹೊಸ ಧ್ವನಿಯೊಡನೆ ಮತ್ತೆ ತೆರೆಗೆ ಬಂತು. ಹುಬ್ಬಳ್ಳಿಯಲ್ಲಿ ನೋಡಿದೆ. ಪಕ್ಕದಲ್ಲಿ ಕುಳಿತ ಹುಡುಗರು ನಾವು ಅಂದು ಹಾಕಿದಲ್ಲೇ ಸಿಳ್ಳೆ ಹಾಕಿದರು. ಬ್ರಾಡ್‌ಗೇಜಿನ ಗಾಡಿಯಲ್ಲಿ ಊರಿಗೆ ಮರಳಿದೆ. ಈಗ ಕೊಪ್ಪಳವೇ ಜಿಲ್ಲೆಯಾಗಿದೆ. ತಳಕಲ್ಲಿನಿಂದ ಕುಕನೂರು, ಯಲಬುರ್ಗಾ, ಕುಷ್ಟಗಿಯ ಕಡೆಗೆ ಹೊಸ ರೈಲುದಾರಿಯೂ ಕವಲೊಡೆದಿದೆ. ಆ ದಾರಿಯ ಗಾಡಿಯಲ್ಲಿ ಕಾಲೇಜಿಗೆ ಹೋಗಿ ಬರುವ ಹುಡುಗಿಯೊಬ್ಬಳು ಕಳೆದ ತಿಂಗಳು ಮಾಸ್ತರರ ಪ್ರತಿಯನ್ನು ಓದಲು ಒಯ್ದಿದ್ದಾಳೆ. ಅಂಚಿನ ಗೆರೆಗಳನ್ನು ಅಳಿಸಬಾರದೆಂದು ಮಾತ್ರ ಹೇಳಿದ್ದೇನೆ. ಇನ್ನೂ ಹಿಂದಿರುಗಿಸಿಲ್ಲ.